ಮೈಲ್ಸ್ ಒಂದೇ ಕಡೆ ಕೂಡಿಡಬೇಕಾ, ಹಂಚಿಡಬೇಕಾ? ತೀರ್ಮಾನಿಸುವುದು ಹೀಗೆ

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಕೂತು ನನ್ನ ಏರ್ ಮೈಲ್ಸ್ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಮೈಲ್ಸ್ ಅಂದರೆ ಹಾರಿದಾಗ ವಿಮಾನ ಕಂಪನಿ ನಮ್ಮ ಖಾತೆಗೆ ಹಾಕುವ ಪಾಯಿಂಟ್ಸ್, ಸಾಕಷ್ಟು ಸೇರಿದರೆ ಅದರಿಂದಲೇ ಟಿಕೆಟ್ ಪಡೆಯಬಹುದು. ಐದು ವಿಮಾನ ಕಂಪನಿ, ಐದು ಖಾತೆ. 11,200. 7,400. 6,800. 3,100. 2,500. ಎಲ್ಲ ಕೂಡಿದರೆ 31,000. ನನಗೆ ಬೇಕಿದ್ದ ಟಿಕೆಟ್‌ಗೆ 25,000 ಸಾಕಿತ್ತು. ಆದರೆ ಯಾವ ಒಂದು ಖಾತೆಯಲ್ಲೂ ಅಷ್ಟಿರಲಿಲ್ಲ. ಒಂದರಿಂದ ಇನ್ನೊಂದಕ್ಕೆ ಸಾಗಿಸುವ ದಾರಿಯೂ ಇರಲಿಲ್ಲ. ಮೂರು ತಿಂಗಳು ಕಳೆಯುವಷ್ಟರಲ್ಲಿ ಆ 6,800ರ ಅವಧಿ ಮುಗಿದು ಸೊನ್ನೆಯಾಯಿತು. ಎಷ್ಟೋ ವರ್ಷ ಓಡಾಡಿ ಕೂಡಿಸಿದ್ದು, ತುಂಬಾ ಬೇಜಾರಾಯಿತು.

ಹನಿ ಹನಿ ಕೂಡಿದರೆ ಹಳ್ಳ ಅಂತೀವಿ, ಅಲ್ವಾ? ಆದರೆ ಹನಿ ಒಂದೇ ಕಡೆ ಬೀಳಬೇಕು. ವರ್ಷಕ್ಕೆ ನಾಲ್ಕೈದು ಸಲ ಹಾರುವವರಿಗೆ ನನ್ನ ಸಲಹೆ ನೇರವಾಗಿದೆ: ಒಂದೇ ಖಾತೆಯಲ್ಲಿ ಕೂಡಿಡಿ, ಟಿಕೆಟ್‌ಗೆ ಸಾಕಾದ ಕೂಡಲೇ ಖರ್ಚು ಮಾಡಿ. ಅದಕ್ಕೆ ಯಾವ ಖಾತೆ, ಹಂಚುವುದು ಯಾವಾಗ ಸರಿ ಅನ್ನುವುದನ್ನು ಒಂದೊಂದಾಗಿ ನೋಡೋಣ.

1. ಹಳೆಯ ಪ್ರಯಾಣ ಬರೆದುಕೊಳ್ಳಿ

ಕಳೆದ ಎರಡು ವರ್ಷದ ಟಿಕೆಟ್‌ಗಳನ್ನು ಇಮೇಲ್‌ನಲ್ಲಿ ಹುಡುಕಿ. ಎಲ್ಲಿಂದ ಎಲ್ಲಿಗೆ, ಯಾವ ಕಂಪನಿಯ ವಿಮಾನ, ಯಾವ ದರ್ಜೆ, ಇಷ್ಟು ಸಾಕು. ಮುಂದಿನ ವರ್ಷ ಹೋಗಬೇಕೆಂದಿರುವ ಜಾಗಗಳನ್ನೂ ಕೆಳಗೆ ಬರೆಯಿರಿ.

2. ಕಂಪನಿಗಳನ್ನು ಗುಂಪು ಮಾಡಿ

ಇಲ್ಲಿ ತುಂಬಾ ಜನ ತಪ್ಪು ತಿಳಿಯುತ್ತಾರೆ. ಒಂದೇ ಖಾತೆ ಅಂದರೆ ಒಂದೇ ಕಂಪನಿಯಲ್ಲಿ ಹಾರಬೇಕು ಅಂತ ಅಲ್ಲ. ಜಗತ್ತಿನಲ್ಲಿ ಮೂರು ದೊಡ್ಡ ಒಕ್ಕೂಟಗಳಿವೆ: 1997ರಲ್ಲಿ ಶುರುವಾದ ಸ್ಟಾರ್ ಅಲಯನ್ಸ್, 1999ರ ಒನ್‌ವರ್ಲ್ಡ್, 2000ದ ಸ್ಕೈಟೀಮ್. ಈ ಸಲ ಲುಫ್ತಾನ್ಸಾ, ಮುಂದಿನ ಸಲ ಯುನೈಟೆಡ್, ಆಮೇಲೆ ಸಿಂಗಪುರ್ ಏರ್‌ಲೈನ್ಸ್‌ನಲ್ಲಿ ಹೋದರೂ ಮೂರೂ ಸ್ಟಾರ್ ಅಲಯನ್ಸ್‌ನವು. ಮೂರರ ಮೈಲ್ಸನ್ನೂ ಅದೇ ಒಕ್ಕೂಟದ ಒಂದು ಖಾತೆಗೆ ಹಾಕಿಸಬಹುದು. ಟಿಕೆಟ್ ಬುಕ್ ಮಾಡುವಾಗ ಆ ಖಾತೆಯ ನಂಬರ್ ಕೊಟ್ಟರೆ ಆಯಿತು. ಆದರೆ ಒಂದು ಪ್ರಯಾಣದ ಮೈಲ್ಸ್ ಒಂದೇ ಖಾತೆಗೆ ಸೇರುತ್ತದೆ, ಎರಡಕ್ಕೆ ಅಲ್ಲ.

ಎಮಿರೇಟ್ಸ್ ಈ ಮೂರರಲ್ಲಿ ಯಾವುದಕ್ಕೂ ಸೇರಿಲ್ಲ. ಆದರೂ ಒನ್‌ವರ್ಲ್ಡ್‌ನ ಕ್ವಾಂಟಾಸ್ ಜೊತೆ ಅದಕ್ಕೆ ಬೇರೆಯಾಗಿ ಒಪ್ಪಂದ ಇದೆ. ಹಾಗಾಗಿ ಒಕ್ಕೂಟದ ಪಟ್ಟಿ ನೋಡಿ ಸುಮ್ಮನಾಗಬೇಡಿ, ಆಯಾ ಕಂಪನಿಯ ಪಾಲುದಾರರ ಪಟ್ಟಿಯನ್ನೂ ನೋಡಿ.

ನಿಮ್ಮ ಹಾಳೆಯಲ್ಲಿ ಯಾವ ಒಕ್ಕೂಟ ಜಾಸ್ತಿ ಸಲ ಬಂದಿದೆಯೋ ಅದೇ ನಿಮ್ಮದು.

3. ಒಕ್ಕೂಟದೊಳಗೆ ಖಾತೆ ಆರಿಸಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ನೀವು ಜಾಸ್ತಿ ಹಾರುವ ಕಂಪನಿಯ ಖಾತೆಯೇ ನಿಮಗೆ ಒಳ್ಳೆಯದು ಅಂತ ಏನೂ ಇಲ್ಲ.

ಮೊದಲು ಅವಧಿ ನೋಡಿ. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್ ಸಾಮಾನ್ಯವಾಗಿ 36 ತಿಂಗಳಿಗೆ ಮುಗಿಯುತ್ತದೆ. ನಡುವೆ ಎಷ್ಟು ಸಲ ಹಾರಿದರೂ ಹಳೆಯ ಮೈಲ್ಸ್‌ನ ಆಯುಸ್ಸು ಹೆಚ್ಚುವುದಿಲ್ಲ. ಅಮೆರಿಕನ್ ಏರ್‌ಲೈನ್ಸ್‌ನಲ್ಲಿ 24 ತಿಂಗಳು ಖಾತೆಯಲ್ಲಿ ಏನೂ ನಡೆಯದಿದ್ದರೆ ಮೈಲ್ಸ್ ಹೋಗುತ್ತದೆ. ಅಷ್ಟರೊಳಗೆ ಸ್ವಲ್ಪ ಮೈಲ್ಸ್ ಗಳಿಸಿದರೂ, ಬಳಸಿದರೂ ಗಡುವು ಮುಂದಕ್ಕೆ ಹೋಗುತ್ತದೆ. ಡೆಲ್ಟಾದಲ್ಲಿ ಗಡುವೇ ಇಲ್ಲ. ಯುನೈಟೆಡ್ ಕೂಡ 2019ರಲ್ಲಿ ಗಡುವು ತೆಗೆದುಹಾಕಿತು. ಎರಡು ವರ್ಷಕ್ಕೊಮ್ಮೆ ಹಾರುವವರಿಗೆ ಬೇರೆಲ್ಲಕ್ಕಿಂತ ಇದೇ ದೊಡ್ಡ ವಿಷಯ.

ಎರಡನೆಯದು, ನಿಮ್ಮ ಟಿಕೆಟ್‌ಗೆ ಎಷ್ಟು ಮೈಲ್ಸ್ ಕೊಡುತ್ತಾರೆ ಅನ್ನುವುದು. ಟಿಕೆಟ್ ಮೇಲೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ, ಅದೇ ದರದ ದರ್ಜೆ. ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತ ಇಬ್ಬರ ಅಕ್ಷರ ಬೇರೆ ಬೇರೆ ಇರಬಹುದು. ಒಬ್ಬರಿಗೆ ಪೂರ್ತಿ ದೂರದ ಮೈಲ್ಸ್, ಇನ್ನೊಬ್ಬರಿಗೆ ಕಾಲು ಭಾಗ. ತೀರಾ ಅಗ್ಗದ ಟಿಕೆಟ್‌ಗೆ ಒಂದು ಖಾತೆ ಏನೂ ಕೊಡದೆ ಇರಬಹುದು, ಅದೇ ಒಕ್ಕೂಟದ ಇನ್ನೊಂದು ಖಾತೆ ಅದೇ ಟಿಕೆಟ್‌ಗೆ ಅರ್ಧ ಕೊಡಬಹುದು. ಡೆಲ್ಟಾ ಮತ್ತು ಯುನೈಟೆಡ್ 2015ರಲ್ಲಿ, ಅಮೆರಿಕನ್ 2016ರಲ್ಲಿ, ತಮ್ಮ ಟಿಕೆಟ್‌ಗಳಿಗೆ ದೂರದ ಬದಲು ಕೊಟ್ಟ ದುಡ್ಡಿನ ಲೆಕ್ಕದಲ್ಲಿ ಮೈಲ್ಸ್ ಕೊಡಲು ಶುರು ಮಾಡಿದವು. ಅಗ್ಗದ ಟಿಕೆಟ್‌ನಲ್ಲಿ ತುಂಬಾ ದೂರ ಹೋಗುವವರಿಗೆ ದೂರ ಲೆಕ್ಕ ಹಾಕುವ ಪಾಲುದಾರ ಕಂಪನಿಯ ಖಾತೆ ಲಾಭವಾಗಬಹುದು. ಬುಕ್ ಮಾಡುವ ಮೊದಲು ಆ ಅಕ್ಷರವನ್ನು ಖಾತೆಯ ಗಳಿಕೆ ಪಟ್ಟಿಯಲ್ಲಿ ಹುಡುಕಿ ನೋಡಿ.

ಮೂರನೆಯದು, ನಿಮಗೆ ಬೇಕಾದ ಪ್ರಯಾಣಕ್ಕೆ ಎಷ್ಟು ಮೈಲ್ಸ್ ಬೇಕು, ಅದರ ಮೇಲೆ ತೆರಿಗೆ, ಸರ್‌ಚಾರ್ಜ್ ಅಂತ ಎಷ್ಟು ದುಡ್ಡು ಕಟ್ಟಬೇಕು. 'ಉಚಿತ' ಟಿಕೆಟ್‌ಗೂ ಕೈಯಿಂದ ಸಾಕಷ್ಟು ದುಡ್ಡು ಹೋಗುವುದುಂಟು.

ಏವಿಯೋಸ್ ಅನ್ನುವ ಹೆಸರಿನ ಮೈಲ್ಸ್ ವಿಚಾರ ಸ್ವಲ್ಪ ಬೇರೆ. ಬ್ರಿಟಿಷ್ ಏರ್‌ವೇಸ್, ಐಬೀರಿಯಾ, ಏರ್ ಲಿಂಗಸ್, ಕತಾರ್ ಏರ್‌ವೇಸ್, ಫಿನ್‌ಏರ್ ಎಲ್ಲವೂ ಇದನ್ನೇ ಬಳಸುತ್ತವೆ. ಖಾತೆಗಳನ್ನು ಜೋಡಿಸಿಕೊಂಡರೆ ಒಂದರಿಂದ ಇನ್ನೊಂದಕ್ಕೆ ಸಾಗಿಸಬಹುದು. ಇಲ್ಲಿ ಹಂಚಿಹೋಗಿದ್ದರೂ ಚಿಂತೆ ಕಡಿಮೆ.

4. ಸದಸ್ಯ ದರ್ಜೆ ಸಿಗುತ್ತದಾ ಅಂತ ಲೆಕ್ಕ ಹಾಕಿ

ಲೌಂಜ್, ಹೆಚ್ಚುವರಿ ಲಗೇಜ್, ಬೇಗ ವಿಮಾನ ಹತ್ತುವ ಸೌಲಭ್ಯ ಬರುವುದು ಜಾಸ್ತಿ ಹಾರುವವರಿಗೆ ಕಂಪನಿ ಕೊಡುವ ಸದಸ್ಯ ದರ್ಜೆಯಿಂದ, ಕೂಡಿಟ್ಟ ಮೈಲ್ಸ್‌ನಿಂದಲ್ಲ. ಸ್ಟಾರ್ ಅಲಯನ್ಸ್‌ನ ಗೋಲ್ಡ್ ದರ್ಜೆ ಇಂಥದ್ದು. ಸಾಮಾನ್ಯವಾಗಿ ಒಂದೇ ವರ್ಷದೊಳಗೆ ಇಷ್ಟು ಹಾರಬೇಕು, ಇಲ್ಲವೇ ಇಷ್ಟು ಖರ್ಚು ಮಾಡಬೇಕು ಅಂತ ಇರುತ್ತದೆ. ಎರಡು ದೋಣಿಯಲ್ಲಿ ಕಾಲಿಟ್ಟರೆ ಇದಂತೂ ಸಿಗುವುದೇ ಇಲ್ಲ. ಆದರೆ ನಿಮ್ಮ ಪ್ರಯಾಣ ಆ ಗುರಿಯ ಅರ್ಧವನ್ನೂ ಮುಟ್ಟದಿದ್ದರೆ ದರ್ಜೆಯ ಆಸೆ ಬಿಡಿ. ಅದಕ್ಕೋಸ್ಕರ ಜಾಸ್ತಿ ದುಡ್ಡು ಕೊಟ್ಟು, ಸುತ್ತು ಹಾಕಿ ಹೋಗಬೇಡಿ.

5. ಹಂಚುವುದು ಯಾವಾಗ ಸರಿ?

ಹಲವು ಕಂಪನಿಗಳಿಗೆ ವರ್ಗಾಯಿಸಬಹುದಾದ ಕ್ರೆಡಿಟ್ ಕಾರ್ಡ್ ಪಾಯಿಂಟ್ಸ್ ಇದ್ದರೆ ಕಾರ್ಡ್‌ನಲ್ಲೇ ಇಟ್ಟುಕೊಳ್ಳಿ. ಸೀಟು ಖಾಲಿ ಇರುವುದನ್ನು ಕಣ್ಣಾರೆ ನೋಡಿದ ಮೇಲಷ್ಟೇ ವರ್ಗಾಯಿಸಿ. ಒಮ್ಮೆ ಹೋದದ್ದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಖಾತೆಯಲ್ಲಿ ಎರಡು ಟಿಕೆಟ್‌ಗಾಗುವಷ್ಟು ಮೈಲ್ಸ್ ಸೇರಿದ್ದರೆ ಅಲ್ಲಿಗೆ ನಿಲ್ಲಿಸಿ, ಎರಡನೆಯ ಖಾತೆ ಶುರು ಮಾಡಿ. ಮೈಲ್ಸ್‌ಗೆ ಬಡ್ಡಿ ಬರುವುದಿಲ್ಲ. ಇವತ್ತು 25,000ಕ್ಕೆ ಸಿಗುವ ಟಿಕೆಟ್‌ಗೆ ಕಂಪನಿ ನಾಳೆ 35,000 ಕೇಳಬಹುದು. ಕಂಪನಿ ಮುಳುಗಿದರೆ ಅದೂ ಇಲ್ಲ. 2001ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಆನ್ಸೆಟ್ ಕುಸಿದಾಗ ಜನ ವರ್ಷಗಟ್ಟಲೆ ಕೂಡಿಟ್ಟ ಪಾಯಿಂಟ್ಸ್‌ಗೆ ಬೆಲೆಯೇ ಇಲ್ಲದಾಯಿತು. ಕಂಪನಿ ಒಕ್ಕೂಟ ಬದಲಿಸುವುದೂ ಇದೆ. ಸ್ಟಾರ್ ಅಲಯನ್ಸ್ ಕಟ್ಟಿದ ಐದು ಕಂಪನಿಗಳಲ್ಲಿ ಒಂದಾದ ಸ್ಕ್ಯಾಂಡಿನೇವಿಯಾದ ಎಸ್‌ಎಎಸ್, 2024ರ ಸೆಪ್ಟೆಂಬರ್ 1ಕ್ಕೆ ಸ್ಕೈಟೀಮ್ ಸೇರಿತು. ಅದರ ಖಾತೆಯಲ್ಲಿ ಮೈಲ್ಸ್ ಇಟ್ಟವರಿಗೆ ಹಳೆಯ ಒಕ್ಕೂಟದ ದಾರಿ ಮುಚ್ಚಿತು.

6. ಈಗಾಗಲೇ ಚೆದುರಿದ್ದನ್ನು ಏನು ಮಾಡುವುದು?

ಪ್ರತಿ ಖಾತೆಯ ಗಡುವಿನ ದಿನವನ್ನು ಫೋನ್ ಕ್ಯಾಲೆಂಡರ್‌ನಲ್ಲಿ ಹಾಕಿ, ಎರಡು ತಿಂಗಳು ಮೊದಲೇ ನೆನಪಿಸುವ ಹಾಗೆ. ಟಿಕೆಟ್‌ಗೆ ಹತ್ತಿರ ಇರುವ ಖಾತೆಗೆ ಮುಂದಿನ ಒಂದೆರಡು ಪ್ರಯಾಣ ಕೊಟ್ಟು ಮುಗಿಸಿಬಿಡಿ. ಮನೆಯವರ ಮೈಲ್ಸ್ ಒಟ್ಟುಗೂಡಿಸಲು ಬ್ರಿಟಿಷ್ ಏರ್‌ವೇಸ್‌ನಂಥ ಕೆಲವು ಕಂಪನಿಗಳು ಬಿಡುತ್ತವೆ, ವಿಚಾರಿಸಿ. ಸಾವಿರ, ಎರಡು ಸಾವಿರ ಮಾತ್ರ ಇರುವ ಖಾತೆಗೆ ದುಡ್ಡು ಸುರಿದು ಮೈಲ್ಸ್ ಕೊಳ್ಳುವುದು ಬೇಡ, ಅದು ಹೋದರೆ ಹೋಗಲಿ.

ನನ್ನ ಹಾಳೆಯಲ್ಲಿ ಈಗ ಎರಡೇ ಸಾಲು ಇವೆ. ಒಂದು ಖಾತೆ, ಒಂದು ಕಾರ್ಡ್. ಪ್ರತಿ ಪ್ರಯಾಣ ಮುಗಿದ ಮೇಲೆ ಮೈಲ್ಸ್ ಬಂದಿದೆಯಾ ಅಂತ ನೋಡಿ ಆ ಸಾಲಿನ ಪಕ್ಕ ಒಂದು ಗೀಟು ಹಾಕುತ್ತೇನೆ. ಅಲ್ಲಿಯವರೆಗೆ ಬೋರ್ಡಿಂಗ್ ಪಾಸ್ ಎಸೆಯುವುದಿಲ್ಲ. ಮೈಲ್ಸ್ ಬರದಿದ್ದರೆ ಕಂಪನಿಯವರು ಮೊದಲು ಕೇಳುವುದೇ ಅದನ್ನು.