ಹಸುಳೆಯ ಶ್ರವಣ ತಪಾಸಣೆ: ಕಾಸರಗೋಡಿನ ತಂದೆತಾಯಿಗಳು ತಿಳಿದಿರಬೇಕಾದದ್ದು

ಹೆರಿಗೆ ಮಂಗಳೂರಿನಲ್ಲಿ ಆಗಿರಲಿ, ಕಾಸರಗೋಡಿನಲ್ಲಿ ಆಗಿರಲಿ, ಆಸ್ಪತ್ರೆಯಿಂದ ಹೊರಡುವ ಮೊದಲು ಮಗುವಿನ ಶ್ರವಣ ತಪಾಸಣೆ ನಡೆದಿದೆಯೇ ಎಂದು ವಿಚಾರಿಸಿ, ಎರಡೂ ಕಿವಿಗಳ ಫಲಿತಾಂಶವನ್ನು ಬೇರೆಬೇರೆಯಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಬೇಕು. 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ದೋಷದ ಖಚಿತ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಪಾಲಿಸುವ ಕ್ರಮ. ಮಾತನ್ನು ಗ್ರಹಿಸುವ ಮೆದುಳಿನ ಭಾಗವು ಮೊದಲ ವರ್ಷಗಳಲ್ಲಿ ಕೇಳಿದ ಶಬ್ದಗಳಿಂದಲೇ ಬೆಳೆಯುವುದರಿಂದ, ‘ಮಾತು ಬರುವವರೆಗೆ ನೋಡೋಣ, ಇವನ ಅಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಹಿರಿಯರು ಹೇಳುವ ಸಮಾಧಾನವನ್ನು ಈ ವಿಷಯದಲ್ಲಿ ಒಪ್ಪಿಕೊಳ್ಳಬಾರದು.

ಮೊದಲ ತಪಾಸಣೆಯನ್ನು ಸಾಮಾನ್ಯವಾಗಿ ಓಎಇ ಯಂತ್ರದಿಂದ ಮಾಡುತ್ತಾರೆ. ಮೃದುವಾದ ಚಿಕ್ಕ ಬಿರಡೆಯೊಂದನ್ನು ಕಿವಿಯೊಳಗಿಟ್ಟು ಸಣ್ಣ ಶಬ್ದಗಳನ್ನು ಕಳುಹಿಸಿದಾಗ, ಒಳಗಿವಿಯ ಜೀವಕೋಶಗಳು ಆರೋಗ್ಯವಾಗಿದ್ದರೆ ಅಲ್ಲಿಂದ ಅತಿ ಕ್ಷೀಣವಾದ ಪ್ರತಿಧ್ವನಿ ಹೊರಬರುತ್ತದೆ. ಯಂತ್ರ ಅದನ್ನು ದಾಖಲಿಸುತ್ತದೆ. ನೋವಿಲ್ಲ, ಕೆಲವೇ ನಿಮಿಷ ಸಾಕು. ಹೊಟ್ಟೆ ತುಂಬ ಹಾಲು ಕುಡಿದು ಮಲಗಿದ ಮಗುವಿನ ಪರೀಕ್ಷೆ ಸಲೀಸು. ಹುಟ್ಟಿದ ಮೊದಲ ಒಂದೆರಡು ದಿನ ಕಿವಿಯಲ್ಲಿ ದ್ರವ ಉಳಿದಿರಬಹುದಾದ ಕಾರಣ ಫಲಿತಾಂಶ ‘ರೆಫರ್’ (ಪಾಸಾಗಿಲ್ಲ, ಮತ್ತೆ ಪರೀಕ್ಷಿಸಬೇಕು) ಎಂದು ಬರುವುದುಂಟು. ಅದರಿಂದ ಮಗು ಕಿವುಡೆಂದು ತೀರ್ಮಾನವಾಗುವುದಿಲ್ಲ, ಆದರೆ ಮರುಪರೀಕ್ಷೆ ತಪ್ಪಿಸುವಂತೆಯೂ ಇಲ್ಲ. ಒಂದೇ ಕಿವಿಗೆ ಹಾಗೆ ಬಂದಿದ್ದರೂ ಇದೇ ಮಾತು.

ನಮ್ಮ ಕಡೆ ಎಡವಟ್ಟಾಗುವುದು ಇಲ್ಲಿಯೇ. ಬಾಣಂತಿ ಗಡಿಯಾಚೆಯ ತವರಿನಲ್ಲಿರುತ್ತಾಳೆ, ಚೀಟಿ ಗಂಡನ ಮನೆಯಲ್ಲಿರುತ್ತದೆ, ಮರುಪರೀಕ್ಷೆ ಎಲ್ಲಿ ಎಂಬುದನ್ನು ಯಾರೂ ನಿಶ್ಚಯಿಸಿರುವುದಿಲ್ಲ. ಆದುದರಿಂದ ದಿನಾಂಕವನ್ನೂ ಆಸ್ಪತ್ರೆಯನ್ನೂ ಮೊದಲೇ ಗೊತ್ತುಮಾಡಿ, ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೂ ತಿಳಿಸಿಡಿ. ಒಂದೂವರೆ ತಿಂಗಳ ಲಸಿಕೆಗೆ ಹೋಗುವಷ್ಟರಲ್ಲಿ ಈ ಕೆಲಸ ಮುಗಿದಿರಲಿ.

ಎರಡನೆಯ ಬಾರಿಯೂ ರೆಫರ್ ಬಂದರೆ ಬೆರಾ ಪರೀಕ್ಷೆ ಬೇಕಾಗುತ್ತದೆ. ಹಣೆಗೂ ಕಿವಿಯ ಹಿಂಭಾಗಕ್ಕೂ ತಂತಿಯ ಪಟ್ಟಿಗಳನ್ನು ಅಂಟಿಸಿ, ಶಬ್ದಕ್ಕೆ ಶ್ರವಣನರ ಮತ್ತು ಮೆದುಳುಕಾಂಡ ಹೇಗೆ ಸ್ಪಂದಿಸುತ್ತವೆ ಎಂಬುದನ್ನು ಅಳೆಯುತ್ತಾರೆ. ಆ ದಿನ ಬೆಳಿಗ್ಗೆ ಎಣ್ಣೆ ಹಚ್ಚಿ ಮೀಯಿಸಬೇಡಿ; ಎಣ್ಣೆಯ ಚರ್ಮಕ್ಕೆ ಪಟ್ಟಿ ಸರಿಯಾಗಿ ಅಂಟುವುದಿಲ್ಲ. ಕಿವಿಯೊಳಗೆ ತೆಂಗಿನೆಣ್ಣೆ ಬಿಡುವ ರೂಢಿಯನ್ನಂತೂ ಯಾವತ್ತೂ ಕೈಬಿಡುವುದೇ ಲೇಸು. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) 5 ದಿನಕ್ಕಿಂತ ಹೆಚ್ಚು ಇದ್ದ ಅಥವಾ ತೀವ್ರ ಕಾಮಾಲೆಗೆ ರಕ್ತ ಬದಲಿಸಿಕೊಂಡ ಮಗುವಿಗೆ ಓಎಇ ಪಾಸಾದರೂ ಬೆರಾ ಮಾದರಿಯ ಪರೀಕ್ಷೆ ಕೇಳಿ ಮಾಡಿಸಬೇಕು. ಒಳಗಿವಿ ಸರಿಯಿದ್ದು ನರದಲ್ಲಿ ದೋಷವಿದ್ದರೆ ಓಎಇಯಲ್ಲಿ ಅದು ತಿಳಿಯುವುದಿಲ್ಲ.

ಬಟ್ಟಲು ಬಡಿದು, ಚಪ್ಪಾಳೆ ತಟ್ಟಿ ನೋಡುವುದನ್ನು ನಂಬಬೇಡಿ. ಮಗು ಶಬ್ದಕ್ಕಲ್ಲದೆ ಕೈಯ ನೆರಳಿಗೋ ನೆಲದ ಕಂಪನಕ್ಕೋ ಬೆಚ್ಚಿರಬಹುದು.

ದೋಷ ಖಚಿತವಾದರೆ ಕೆಲವೇ ವಾರಗಳ ಮಗುವಿಗೂ ಶ್ರವಣ ಸಾಧನ ಹಾಕಬಹುದು. ಕಿವಿ ಬೆಳೆದಂತೆ ಸಾಧನದ, ಕಿವಿಯೊಳಗೆ ಕೂರುವ ಅಚ್ಚನ್ನು ಆಗಾಗ ಬದಲಿಸಬೇಕು. ಕರಾವಳಿಯ ಮಳೆಗಾಲದಲ್ಲಿ ತೇವ ಸಾಧನದ ದೊಡ್ಡ ಶತ್ರು. ರಾತ್ರಿ ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿಡಿ. ಬ್ಯಾಟರಿ ನುಂಗಿದರೆ ಪ್ರಾಣಾಪಾಯವಿರುವುದರಿಂದ ಅದು ಮಕ್ಕಳ ಕೈಗೆಟುಕಬಾರದು. ಸಾಧನದಿಂದ ಸಾಕಷ್ಟು ಪ್ರಯೋಜನವಾಗದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆಯಿಂದ ಒಳಗಿವಿಯಲ್ಲಿ ಅಳವಡಿಸುವ ಶ್ರವಣ ಯಂತ್ರದ ದಾರಿಯಿದೆ. ಕೇರಳ ಸರಕಾರದ ಶ್ರುತಿತರಂಗಂ ಯೋಜನೆ 5 ವರ್ಷದೊಳಗಿನವರ ಈ ಶಸ್ತ್ರಚಿಕಿತ್ಸೆಗೆ ನೆರವಾಗುತ್ತದೆ. ಆದ್ದರಿಂದ ಮಂಗಳೂರಿನಲ್ಲಿ ಮಾಡಿಸಿದ ವರದಿಗಳನ್ನೂ ರೇಷನ್ ಕಾರ್ಡಿನ ಪ್ರತಿಯನ್ನೂ ಒಂದೇ ಫೈಲಿನಲ್ಲಿಡಿ.

ಮಾತಿನ ತರಬೇತಿಯ ಭಾಷೆಯನ್ನು ಮೊದಲ ದಿನವೇ ಇತ್ಯರ್ಥ ಮಾಡಿಕೊಳ್ಳಬೇಕು. ತರಬೇತುದಾರರು ಮಲಯಾಳ ಮಾತಾಡುವವರಾದರೆ ಮಗುವಿಗೂ ಅದನ್ನೇ ಕಲಿಸಬೇಕೆಂದು ಹಲವರು ಭಾವಿಸುತ್ತಾರೆ. ಆದರೆ ಮಗು ಹೆಚ್ಚಾಗಿ ಕಲಿಯುವುದು ದಿನವಿಡೀ ಜೊತೆಗಿರುವ ತಾಯಿ, ಅಜ್ಜಿಯರ ಸಹಜ ಮಾತಿನಿಂದ. ಅದು ಕನ್ನಡವಾಗಲಿ ತುಳುವಾಗಲಿ, ಅಭ್ಯಾಸದ ಪದಗಳನ್ನು ಆ ಭಾಷೆಯಲ್ಲೇ ಬರೆದುಕೊಡುವಂತೆ ಕೇಳಿ. ಕನ್ನಡದಲ್ಲೇ ತರಬೇತಿ ಬೇಕೆನಿಸಿದವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಸಂಪರ್ಕಿಸಬಹುದು.