ಮಾಡ್ಯೂಲ್ ಸತ್ತರೂ ಟ್ಯಾಂಕಿಗೆ ನೀರು ಏರಬೇಕು: ಕೈ ಸ್ವಿಚ್ಚಿನ ದಾರಿ, ನನ್ನ ಅನುಭವ

ಫೋನಿನಿಂದ ಮೋಟಾರು, ದೀಪ ಆನ್-ಆಫ್ ಮಾಡುವ ಸ್ಮಾರ್ಟ್ ಮಾಡ್ಯೂಲಿನ ಎಸ್1, ಎಸ್2 ಎಂಬ ಸ್ವಿಚ್ ಟರ್ಮಿನಲ್‌ಗಳಿಗೆ ಗೋಡೆಯ ಸ್ವಿಚ್ ಜೋಡಿಸಿ, 'ಮ್ಯಾನುಯಲ್ ಇದೆಯಲ್ಲ ಸಾರ್' ಎನ್ನುವ ಎಲೆಕ್ಟ್ರಿಷಿಯನ್‌ಗಳೇ ಹೆಚ್ಚು. ಅದು ಬ್ಯಾಕಪ್ ಅಲ್ಲ. ಆ ಸ್ವಿಚ್ ಮಾಡ್ಯೂಲಿಗೆ ಸನ್ನೆ ಮಾಡುತ್ತದೆ ಅಷ್ಟೇ. ವೈಫೈ ಹೋದಾಗ ಅಷ್ಟು ಸಾಕಾಗುತ್ತದೆ. ಮಾಡ್ಯೂಲಿನ ಪವರ್ ಸಪ್ಲೈಯೇ ಸುಟ್ಟಾಗ ಏನೂ ನಡೆಯದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ಏಟಿಗೆ ಸುಡುವುದೂ ಅದೇ.

ಮೊದಲು ಭದ್ರ ಮಾಡಬೇಕಾದ್ದು ಸಂಪಿನ ಮೋಟಾರು. 1 ಎಚ್‌ಪಿ ಸಿಂಗಲ್ ಫೇಸ್ ಓಡುವಾಗ 5-6 ಆಂಪ್ ಎಳೆದರೆ, ಹೊರಡುವಾಗ ಅದರ ಐದಾರು ಪಟ್ಟು. ಮಾಡ್ಯೂಲಿನೊಳಗೆ ಆನ್-ಆಫ್ ಮಾಡುವ 10 ಆಂಪ್ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡುಬಿಡುತ್ತದೆ. ಆ್ಯಪ್ 'ಆಫ್' ಎನ್ನುತ್ತಿರುತ್ತದೆ, ಟ್ಯಾಂಕ್ ತುಂಬಿ ಹರಿಯುತ್ತಿರುತ್ತದೆ. 16 ಆಂಪ್ ಎಂದು ಬರೆದವೂ ಹೀಗೇ ಹೋಗಿವೆ. ಆ ಅಂಕಿ ಹೀಟರಿನಂಥ ಲೋಡಿಗೆ, ಮೋಟಾರಿಗಲ್ಲ. ಎರಡು ಮಾಡ್ಯೂಲಿನ ದುಡ್ಡಿಗೆ ಕಾಂಟ್ಯಾಕ್ಟರ್ (ಮೋಟಾರಿನ ಕರೆಂಟ್ ತಾಳುವ ದೊಡ್ಡ ರಿಲೇ), 'ಆಟೋ-ಆಫ್-ಮ್ಯಾನುಯಲ್' ಎಂಬ ಮೂರು ಸ್ಥಾನದ ಸೆಲೆಕ್ಟರ್, ಟ್ಯಾಂಕ್ ತುಂಬಿದಾಗ ಕರೆಂಟ್ ಕಡಿಯುವ ಫ್ಲೋಟ್ ಎಲ್ಲ ಬರುತ್ತವೆ. ನನಗೆ ಹತ್ತಿರ ಹತ್ತಿರ 1,800 ರೂಪಾಯಿ ಆಯಿತು, ಮೋಟಾರು ಹೆಚ್ಚು ಕರೆಂಟ್ ಎಳೆದರೆ ನಿಲ್ಲಿಸುವ ಓವರ್‌ಲೋಡ್ ರಿಲೇಯ ದುಡ್ಡು ಬೇರೆ.

ವೈರಿಂಗ್ ಹೀಗೆ: ಫೇಸ್ ನೇರವಾಗಿ ಸೆಲೆಕ್ಟರಿನ 'ಮ್ಯಾನುಯಲ್'ಗೆ, ಅದೇ ಫೇಸ್ ಮಾಡ್ಯೂಲಿನ ಮೂಲಕ 'ಆಟೋ'ಗೆ. ಕಾಮನ್ನಿನಿಂದ ಫ್ಲೋಟ್, ಓವರ್‌ಲೋಡಿನ 95-96 ಟರ್ಮಿನಲ್, ಆಮೇಲೆ ಕಾಂಟ್ಯಾಕ್ಟರನ್ನು ಎಳೆಯುವ ಕಾಯಿಲಿನ ಎ1. ಎ2 ನ್ಯೂಟ್ರಲ್‌ಗೆ. ಫ್ಲೋಟ್ ಸೆಲೆಕ್ಟರಿನ ನಂತರವೇ ಬರಬೇಕು. ಎಷ್ಟೋ ಮಂದಿ ಅದನ್ನು 'ಆಟೋ' ದಾರಿಗೆ ಮಾತ್ರ ಹಾಕುತ್ತಾರೆ, ಮ್ಯಾನುಯಲ್‌ನಲ್ಲಿ ನೀರು ಉಕ್ಕುತ್ತದೆ. ಕಾಯಿಲಿನ ಕರೆಂಟ್ ಮಾತ್ರ ಹರಿಯುವುದರಿಂದ ಫ್ಲೋಟಿನ ಕಾಂಟ್ಯಾಕ್ಟ್ ವರ್ಷಗಟ್ಟಲೆ ಬಾಳುತ್ತದೆ. ಮಾಡ್ಯೂಲಿನ ರಿಲೇ ಬೆಸೆದುಕೊಂಡರೂ ನಡುವಿನ 'ಆಫ್'ಗೆ ತಿರುಗಿಸಿದರೆ ಮೋಟಾರು ನಿಂತಿತು. ಕಾಂಟ್ಯಾಕ್ಟರೇ ಬೆಸೆದರೆ ಮಾತ್ರ ಎಂಸಿಬಿ ಇಳಿಸಬೇಕು, ಅದು ಕೈಗೆ ಸಿಗುವಲ್ಲಿರಲಿ.

ಕಾಂಟ್ಯಾಕ್ಟರ್ ಬಿಡುವಾಗ ಮಾಡ್ಯೂಲ್ ರೀಸ್ಟಾರ್ಟ್ ಆಗುತ್ತಿದ್ದರೆ ಕಾಯಿಲಿಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರ್, ಸರಣಿಯಲ್ಲಿ 100 ಓಮ್ ರೆಸಿಸ್ಟರ್. ಈ ಜೋಡಿಯನ್ನು ಮಾಡ್ಯೂಲಿನ ಕಾಂಟ್ಯಾಕ್ಟಿಗೆ ಅಡ್ಡಲಾಗಿ ಹಾಕಬೇಡಿ: 7 ಮಿಲಿಆಂಪಿನಷ್ಟು ಸೋರುತ್ತದೆ, ಸಣ್ಣ ಕಾಯಿಲ್ ಗುಂಯ್‌ಗುಡುತ್ತದೆ. ಮಾಡ್ಯೂಲಿನ ಸೆಟ್ಟಿಂಗಿನಲ್ಲಿ, ಹೋದ ಕರೆಂಟ್ ಮರಳಿ ಬಂದಾಗಿನ ಸ್ಥಿತಿ ಮೋಟಾರಿಗೆ ಕಡ್ಡಾಯವಾಗಿ 'ಆಫ್'.

ದೀಪಗಳಿಗೆ ಟೂ-ವೇ ಸ್ವಿಚ್ ಒಂದೇ ಸಾಕು. ಕಾಮನ್ ದೀಪಕ್ಕೆ, ಒಂದು ಕಡೆ ಮಾಡ್ಯೂಲಿನ ಔಟ್‌ಪುಟ್, ಇನ್ನೊಂದು ಕಡೆ ಮಾಮೂಲಿ ಸ್ವಿಚ್ಚಿನಿಂದ ಬಂದ ಫೇಸ್. ಎರಡೂ ಒಂದೇ ಸರ್ಕ್ಯೂಟಿನವು ಇರಲಿ. ಒಂದು ಇನ್ವರ್ಟರಿನದು, ಒಂದು ಮೇನ್ಸಿನದು ಬೆರೆಸಿದರೆ ಅಪಾಯ. ಎಲ್ಲ ದೀಪಕ್ಕೂ ಬೇಡ. ಮೆಟ್ಟಿಲು, ಬಚ್ಚಲು, ಗೇಟು ಸಾಕು.

ಹಾಲ್‌ನಲ್ಲಿ ಇಂಪಲ್ಸ್ ರಿಲೇ (ಒಂದು ಪಲ್ಸಿಗೆ ಆನ್, ಮುಂದಿನದಕ್ಕೆ ಆಫ್ ಆಗುವುದು) ಪ್ರಯೋಗವೂ ನಡೆದಿದೆ. ಎಂಸಿಬಿಗಳ ಪೆಟ್ಟಿಗೆಯಾದ ಡಿಬಿಯಲ್ಲಿ ರಿಲೇ, ಗೋಡೆಯ ಪುಷ್‌ಬಟನ್‌ಗೆ ಸಮಾಂತರವಾಗಿ ಅರ್ಧ ಸೆಕೆಂಡ್ ಪಲ್ಸ್ ಕೊಡುವ ಮಾಡ್ಯೂಲ್. ಮಾಡ್ಯೂಲ್ ಕಿತ್ತರೂ ಬಟನ್ ಕೆಲಸ ಮಾಡುತ್ತದೆ, ಚೊಕ್ಕ ವ್ಯವಸ್ಥೆ. ಆದರೆ ದೀಪ ಉರಿಯುತ್ತಿದೆಯೋ ಇಲ್ಲವೋ ಆ್ಯಪಿಗೆ ತಿಳಿಯದು, ಅದಕ್ಕೆ ಪ್ರತ್ಯೇಕ ಫೀಡ್‌ಬ್ಯಾಕ್ ಬೇಕು. ಪಾಯಿಂಟ್‌ಗೆ ಸಾವಿರ ದಾಟಿದ್ದರಿಂದ ಒಂದಕ್ಕೇ ನಿಲ್ಲಿಸಿದೆ.

ಗೀಸರಿಗೆ ಮಾಡ್ಯೂಲೇ ಬೇಡ. 3 ಕಿಲೋವ್ಯಾಟ್ ಅಂದರೆ 13 ಆಂಪ್. ಬಿಗಿಯಾದ ಬೋರ್ಡಿನೊಳಗೆ ಟರ್ಮಿನಲ್ ಕಪ್ಪಾಗುತ್ತದೆ. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ 20 ಆಂಪ್ ಡಿಪಿ ಸ್ವಿಚ್ ಇರುವಂತೆಯೇ ಇರಲಿ.

ಬಾಗಿಲ ಸ್ಮಾರ್ಟ್ ಬೀಗಕ್ಕೆ ಆಲ್ಕಲೈನ್ ಸೆಲ್ಲೇ ಹಾಕಿ. ಹೊರಗಿನ ಎರಡು ತುದಿಗೆ 9 ವೋಲ್ಟ್ ಬ್ಯಾಟರಿ ಒತ್ತಿದರೆ ತೆರೆಯುವ ಮಾದರಿಯಾದರೆ ಒಂದು ಬ್ಯಾಟರಿ ಗಾಡಿಯಲ್ಲಿರಲಿ. ಲೋಹದ ಕೀ ಪಕ್ಕದ ಮನೆಯಲ್ಲಿ. ತಿಂಗಳಿಗೊಮ್ಮೆ ಕೀಯಿಂದಲೇ ತೆಗೆಯಿರಿ, ಇಲ್ಲದಿದ್ದರೆ ಸಿಲಿಂಡರ್ ಧೂಳು ಹಿಡಿದು ತಿರುಗುವುದಿಲ್ಲ. ಅದೇ ದಿನ ಮೋಟಾರಿನ ಸೆಲೆಕ್ಟರನ್ನೂ 'ಮ್ಯಾನುಯಲ್'ಗೆ ಹಾಕಿ ಐದು ನಿಮಿಷ ಓಡಿಸಿ.