ಮಾಡೆಲ್ ಟಿ ಫೋರ್ಡ್: ಕೈ ಮುರಿದುಕೊಳ್ಳದೆ ಹ್ಯಾಂಡಲ್ ಹೊಡೆಯುವುದು ಹೇಗೆ

1908ರಲ್ಲಿ ಮಾಡೆಲ್ ಟಿ ಟೂರಿಂಗ್ ಕಾರಿಗೆ 850 ಡಾಲರ್ ಕೊಡಬೇಕಿತ್ತು. 1925ಕ್ಕೆ ಅದು 290 ಡಾಲರಿಗೆ ಇಳಿದಿತ್ತು. 1927ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಒಂದೂವರೆ ಕೋಟಿ ಕಾರು ಹೊರಬಂದಿದ್ದವು. 1919ರಿಂದ ಎಲೆಕ್ಟ್ರಿಕ್ ಸ್ಟಾರ್ಟರ್ ಸಿಗುತ್ತಿದ್ದರೂ ಅಗ್ಗದ ಕಾರು ಕೊಂಡ ರೈತರು, ಕಾರ್ಮಿಕರು ಬಹುಕಾಲ ಗಾಡಿಯ ಮುಂಭಾಗದಲ್ಲಿ ಎಂಜಿನ್ ತಿರುಗಿಸಲು ಇರುವ ಹ್ಯಾಂಡಲ್ ಹೊಡೆದೇ ಗಾಡಿ ಎಬ್ಬಿಸಿದರು. ಆ ಕಾಲದ ಅಮೆರಿಕದ ಮನೆಮನೆಯಲ್ಲೂ ಒಬ್ಬ ಅರೆ ಮೆಕ್ಯಾನಿಕ್ ಹುಟ್ಟಿಕೊಂಡದ್ದು ಯಾಕೆ ಅಂತ ಈ ಕಾರನ್ನು ಒಮ್ಮೆ ಚಾಲೂ ಮಾಡಿದರೆ ಅರ್ಥವಾಗುತ್ತದೆ.

ಮೊದಲು ಪೆಟ್ರೋಲ್. ಟ್ಯಾಂಕ್ ಇರುವುದು ಮುಂದಿನ ಸೀಟಿನ ಕೆಳಗೆ. ಮೆತ್ತೆ ಎತ್ತಿ, ಮುಚ್ಚಳ ಬಿಚ್ಚಿ, ಕಡ್ಡಿ ಇಳಿಸಿ ಅಳೆಯಬೇಕು, ಮೀಟರ್ ಇಲ್ಲ. ರೇಡಿಯೇಟರಿಗೆ ಬಾಯಿಯ ಹತ್ತಿರದವರೆಗೆ ನೀರು ತುಂಬಿ. ನೀರು ತಳ್ಳಲು ಪಂಪ್ ಇಲ್ಲದ್ದರಿಂದ ಮಟ್ಟ ಇಳಿದರೆ ಹರಿವೇ ನಿಂತು ಎಂಜಿನ್ ಕುದಿಯುತ್ತದೆ. ಎಣ್ಣೆ ನೋಡಲು ಗಾಡಿಯ ಅಡಿ ತೂರಬೇಕು. ಎಂಜಿನ್ ಜೊತೆ ತಿರುಗುವ ಭಾರದ ಚಕ್ರದ, ಅಂದರೆ ಫ್ಲೈವೀಲಿನ ಕವಚದ ಹಿಂಭಾಗದಲ್ಲಿ ಒಂದರ ಕೆಳಗೊಂದು ಎರಡು ಪುಟ್ಟ ನಲ್ಲಿಗಳಿವೆ. ಕೆಳಗಿನದನ್ನು ತಿರುಗಿಸಿದರೆ ಎಣ್ಣೆ ಬರಲೇಬೇಕು, ಮೇಲಿನದರಲ್ಲಿ ಧಾರೆಯಾಗಿ ಸುರಿಯಬಾರದು. ಮಟ್ಟ ಇವೆರಡರ ನಡುವೆ ಇದ್ದರೆ ಸರಿ.

ಈಗ ಸ್ಟೀರಿಂಗ್ ಕಡೆ ಬನ್ನಿ. ಅದರ ಕೆಳಗೆ ಎಡಕ್ಕೊಂದು ಬಲಕ್ಕೊಂದು ಸನ್ನೆಕೋಲು. ಎಡದ್ದು ಸ್ಪಾರ್ಕಿನದು, ಅಂದರೆ ಕಿಡಿ ಹಾರುವ ಹೊತ್ತು ಹೊಂದಿಸುವುದು; ಬಲದ್ದು ಎಂಜಿನ್ ವೇಗ ಹೆಚ್ಚುಕಮ್ಮಿ ಮಾಡುವ ಥ್ರಾಟಲ್. ಎಡದ್ದನ್ನು ಪೂರ್ತಿ ಮೇಲಕ್ಕೆ ತಳ್ಳಿ. ಇಡೀ ಕೆಲಸದಲ್ಲಿ ಮರೆಯಲೇಬಾರದ್ದು ಇದೊಂದು. ಸನ್ನೆ ಕೆಳಗಿದ್ದರೆ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರುತ್ತದೆ. ಕೈಯಿಂದ ನಿಧಾನವಾಗಿ ತಿರುಗಿಸುವಾಗ ಹಾಗಾದರೆ ಪಿಸ್ಟನ್ ಹಿಂದಕ್ಕೆ ಒದೆಯುತ್ತದೆ, ಆ ಒದೆತ ಹ್ಯಾಂಡಲಿನ ಮೂಲಕ ನೇರ ಮಣಿಕಟ್ಟಿಗೆ ಬರುತ್ತದೆ. ಆ ದಿನಗಳಲ್ಲಿ ಎಷ್ಟೋ ಜನ ಮಣಿಕಟ್ಟು ಮುರಿದುಕೊಂಡದ್ದು ಹೀಗೆಯೇ. ಥ್ರಾಟಲನ್ನು ಮೂರ್ನಾಲ್ಕು ಹಲ್ಲು ಕೆಳಗಿಳಿಸಿ. ನೆಲದ ಮೇಲಿನ ಹ್ಯಾಂಡ್‌ಬ್ರೇಕ್ ಸನ್ನೆಯನ್ನು ಪೂರ್ತಿ ಹಿಂದಕ್ಕೆ ಎಳೆಯಿರಿ. ಅದು ಹಿಂದಿನ ಚಕ್ರಗಳನ್ನು ಹಿಡಿಯುವ ಜೊತೆಗೆ ಕ್ಲಚ್ಚನ್ನೂ ಬಿಡಿಸುತ್ತದೆ.

ಸ್ವಿಚ್ ಆಫ್ ಇರುವಾಗಲೇ ಮುಂದೆ ಹೋಗಿ, ರೇಡಿಯೇಟರ್ ಪಕ್ಕದಲ್ಲಿ ಹೊರಚಾಚಿರುವ, ಗಾಳಿ ತಡೆದು ಪೆಟ್ರೋಲ್ ಹೆಚ್ಚಿಸುವ ಚೋಕ್ ತಂತಿಯನ್ನು ಎಳೆದು ಹಿಡಿದು ಹ್ಯಾಂಡಲನ್ನು ಎರಡು ಮೂರು ಬಾರಿ ಕಾಲು ಸುತ್ತು ಎತ್ತಿ. ಸಿಲಿಂಡರಿಗೆ ಪೆಟ್ರೋಲ್ ಆವಿ ಹೋಗಲು ಇಷ್ಟು ಸಾಕು. ಚೋಕ್ ಜಾಸ್ತಿಯಾದರೆ ಪ್ಲಗ್ ಒದ್ದೆಯಾಗಿ ಗಾಡಿ ಮುನಿಸಿಕೊಳ್ಳುತ್ತದೆ.

ಸ್ವಿಚ್ ಹಾಕಿ, ಸ್ಪಾರ್ಕ್ ಸನ್ನೆ ಮೇಲಿದೆಯೇ ಅಂತ ಇನ್ನೊಮ್ಮೆ ಕಣ್ಣಿಂದ ನೋಡಿ. ಬ್ಯಾಟರಿ ಇರುವ ಗಾಡಿಯಾದರೆ ಮರದ ಪೆಟ್ಟಿಗೆಯೊಳಗೆ ಕಿಡಿಗೆ ವಿದ್ಯುತ್ ಒದಗಿಸುವ ನಾಲ್ಕು ಕಾಯಿಲುಗಳಲ್ಲಿ ಒಂದು ಜೇನಿನಂತೆ ಗುಂಯ್‌ಗುಡಬಹುದು. ಹ್ಯಾಂಡಲನ್ನು ಒಳಕ್ಕೆ ಒತ್ತಿ ಕಚ್ಚಿಸಿ, ಹಿಡಿ ಎಡಗೆಳಭಾಗಕ್ಕೆ, ಅಂದರೆ ಗಡಿಯಾರದ ಏಳು ಗಂಟೆಯ ಜಾಗಕ್ಕೆ ಬರುವಂತೆ ನೋಡಿಕೊಳ್ಳಿ. ಎಡಗೈಯಲ್ಲಿ ಹಿಡಿಯಿರಿ. ಹೆಬ್ಬೆರಳು ಹಿಡಿಯನ್ನು ಸುತ್ತುವರಿಯದೆ ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ. ಒಂದೇ ಸಲ ಜೋರಾಗಿ ಮೇಲಕ್ಕೆ ಎಳೆಯಿರಿ. ಎಂಜಿನ್ ಒದ್ದರೂ ಹಿಡಿ ಬೆರಳುಗಳಿಂದ ಜಾರಿ ಕೆಳಗೆ ಹೋಗುತ್ತದೆ, ಕೈ ಉಳಿಯುತ್ತದೆ. ಮೇಲಿನಿಂದ ಕೆಳಕ್ಕೆ ಮೈಭಾರ ಹಾಕಿ ಒತ್ತುವುದು, ಸುತ್ತಿನ ಮೇಲೆ ಸುತ್ತು ತಿರುಗಿಸುವುದು ಎರಡೂ ಅಪಾಯ.

ಹತ್ತಿಕೊಂಡ ಕೂಡಲೇ ಒಳಗೆ ಹೋಗಿ ಸ್ವಿಚ್ಚನ್ನು ಮ್ಯಾಗ್ನೆಟೋ (ಎಂಜಿನ್ ತಿರುಗುವಾಗ ತಾನೇ ವಿದ್ಯುತ್ ಹುಟ್ಟಿಸುವ ಭಾಗ) ಕಡೆ ತಿರುಗಿಸಿ, ಸ್ಪಾರ್ಕನ್ನು ಅರ್ಧದವರೆಗೆ ಇಳಿಸಿ. ಕೆಮ್ಮುತ್ತಿದ್ದ ಎಂಜಿನ್ ಥಟ್ಟನೆ ಹಗುರಾಗುವುದು ಕಿವಿಗೇ ಗೊತ್ತಾಗುತ್ತದೆ.

ಮಿಚಿಗನ್, ಮಿನೆಸೋಟಾದಂಥ ಕಡೆ ಚಳಿಗಾಲದಲ್ಲಿ ಇನ್ನೊಂದು ತೊಂದರೆ. ಕ್ಲಚ್ಚಿನ ಉಕ್ಕಿನ ಬಿಲ್ಲೆಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಎಣ್ಣೆ ಗಟ್ಟಿಯಾದರೆ ಅವು ಒಂದಕ್ಕೊಂದು ಅಂಟಿಕೊಂಡು, ಹ್ಯಾಂಡಲ್ ಭಾರವಾಗುತ್ತದೆ. ಎಂಜಿನ್ ಹತ್ತಿದ ಮರುಕ್ಷಣ ಗಾಡಿ ಎದುರು ನಿಂತವರ ಮೇಲೆಯೇ ತೆವಳಿ ಬರುತ್ತದೆ. ಉಪಾಯವೆಂದರೆ ಉಳಿದ ಚಕ್ರಗಳಿಗೆ ಮರದ ಅಡ್ಡೆ ಕೊಟ್ಟು, ಹಿಂದಿನ ಒಂದು ಚಕ್ರವನ್ನು ಜಾಕ್ ಮೇಲೆ ಎತ್ತಿ, ಹ್ಯಾಂಡ್‌ಬ್ರೇಕ್ ಸನ್ನೆ ಮುಂದಕ್ಕೆ ಬಿಟ್ಟು ಹ್ಯಾಂಡಲ್ ಹೊಡೆಯುವುದು. ಹೀಗೆ ಎತ್ತಿದ ಚಕ್ರಕ್ಕೆ ಬೆಲ್ಟ್ ಹಾಕಿ ಗರಗಸ, ನೀರಿನ ಪಂಪ್ ಓಡಿಸಿದ ರೈತರಿಗೂ ಲೆಕ್ಕವಿಲ್ಲ.

ಕಾಲಕೆಳಗೆ ಮೂರು ಪೆಡಲ್. ಬಲದ್ದು ಬ್ರೇಕ್, ನಡುವಿನದು ರಿವರ್ಸ್. ಎಡದ್ದನ್ನು ತಳ ಮುಟ್ಟುವವರೆಗೆ ಒತ್ತಿದರೆ ಲೋ ಗೇರ್, ಅರ್ಧ ಒತ್ತಿದರೆ ನ್ಯೂಟ್ರಲ್, ಪೂರ್ತಿ ಬಿಟ್ಟರೆ ಹೈ ಗೇರ್. ಎಡ ಪೆಡಲನ್ನು ಅರ್ಧದಲ್ಲಿ ಹಿಡಿದು ಹ್ಯಾಂಡ್‌ಬ್ರೇಕ್ ಮುಂದಕ್ಕೆ ಬಿಡಿ, ಕೈಯಿಂದ ಥ್ರಾಟಲ್ ಕೊಟ್ಟು ಪೆಡಲನ್ನು ಗಟ್ಟಿಯಾಗಿ ತುಳಿಯಿರಿ. ಗಂಟೆಗೆ ಹತ್ತು ಮೈಲಿ ಬಂದಾಗ ಥ್ರಾಟಲ್ ತಗ್ಗಿಸಿ ಕಾಲು ತೆಗೆಯಿರಿ. ಇವತ್ತಿನ ಗಾಡಿ ಓಡಿಸಿ ಅಭ್ಯಾಸವಾದವರು ಗಾಬರಿಯಲ್ಲಿ ಕ್ಲಚ್ ಅಂದುಕೊಂಡು ಎಡ ಪೆಡಲನ್ನು ತಳಕ್ಕೆ ಒತ್ತಿಬಿಡುತ್ತಾರೆ. ನಿಲ್ಲಬೇಕಾದ ಗಾಡಿಯನ್ನು ಎಂಜಿನ್ ಆಗ ಲೋ ಗೇರಿನಲ್ಲಿ ಮುಂದಕ್ಕೆ ನೂಕುತ್ತದೆ. ಹೊರಡುವ ಮೊದಲು ನಿಲ್ಲಿಸುವುದನ್ನು ಹತ್ತಾರು ಸಲ ಅಭ್ಯಾಸ ಮಾಡಿ. ಲೋ ಪೆಡಲನ್ನು ಅರೆಮನಸ್ಸಿನಲ್ಲಿ ತುಳಿದರೆ ಒಳಗಿನ ಹತ್ತಿಯ ಪಟ್ಟಿ ಜಾರಿ ಸುಟ್ಟುಹೋಗುತ್ತದೆ.

ಕಾಲಿನ ಬ್ರೇಕ್ ಹಿಡಿಯುವುದು ಗೇರ್‌ಪೆಟ್ಟಿಗೆಯೊಳಗಿನ ಡ್ರಮ್ಮನ್ನು, ಚಕ್ರವನ್ನಲ್ಲ. ಆದ್ದರಿಂದ ಇಳಿಜಾರಿನಲ್ಲಿ ಮೊದಲೇ ಲೋ ಹಾಕಿ ಎಂಜಿನ್ನಿಗೆ ಭಾರ ಹೊರಿಸಿ. ಕಡಿದಾದ ಏರಿನಲ್ಲಿ ಪೆಟ್ರೋಲ್ ಕಡಿಮೆಯಿದ್ದರೆ ಎಂಜಿನ್ ಸಾಯುತ್ತದೆ, ಯಾಕೆಂದರೆ ಸೀಟಿನಡಿಯ ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಅದು ತನ್ನ ಭಾರದಿಂದಲೇ ಹರಿಯಬೇಕು. ಗಾಡಿ ತಿರುಗಿಸಿ ರಿವರ್ಸಿನಲ್ಲಿ ಹತ್ತಿ. 1926ರ ಮಾದರಿಗಳಲ್ಲಿ ಬಹುಪಾಲಿಗೆ ಟ್ಯಾಂಕ್ ಮುಂದಕ್ಕೆ ಬಂದ ಮೇಲೆ ಈ ಕಷ್ಟ ತಪ್ಪಿತು.

ನಿಲ್ಲಿಸಿದ ಮೇಲೆ ಸ್ವಿಚ್ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಇಳಿಯುವ ಮುಂಚೆ ಸ್ಪಾರ್ಕ್ ಸನ್ನೆಯನ್ನು ಮತ್ತೆ ಮೇಲಕ್ಕೆ ತಳ್ಳಿಬಿಡಿ. ನಾಳೆ ಬೆಳಗ್ಗೆ ಹ್ಯಾಂಡಲ್ ಹಿಡಿಯುವವರು ಬೇರೆಯವರೇ ಇರಬಹುದು.